ಪ್ಲಾಸ್ಟಿಕ್ ಇಲ್ಲದೆ ಹಲ್ಲುಜ್ಜುವುದು: ಯಾವುದು ನಿಜವಾಗಿ ಉಪಯೋಗ, ಯಾವುದು ಹೆಸರಿಗೆ ಮಾತ್ರ?

ಹಿತ್ತಲ ದಾಸವಾಳ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಎರಡು ಮಕ್ಕಳು. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಿದರೆ ವರ್ಷಕ್ಕೆ 24 ಬ್ರಷ್ ಆಗುತ್ತದೆ. ಅದರ ಮೇಲೆ ಪೇಸ್ಟಿನ ಟ್ಯೂಬು ಬೇರೆ. ನಮ್ಮೂರಿಗೆ ಕಸದ ಗಾಡಿ ಬರುವುದಿಲ್ಲ. ಪ್ಲಾಸ್ಟಿಕ್ ಅಂದರೆ ಬಚ್ಚಲ ಒಲೆಗೆ ಹಾಕಬೇಕು, ಇಲ್ಲವೇ ಬ್ಯಾಣದ, ಅಂದರೆ ಹುಲ್ಲುಗಾವಲಿನ, ಮೂಲೆಗೆ ಎಸೆಯಬೇಕು. ಎರಡೂ ಬೇಡ ಅಂತ ಮನೆಯಲ್ಲಿ ಮಾತಾಡಿಕೊಂಡು ಒಂದೊಂದೇ ಬದಲಿಸುತ್ತಾ ಬಂದಿದ್ದೇವೆ.

ತಾಮ್ರದ ನಾಲಿಗೆ ಪಟ್ಟಿ ತಂದಿದ್ದು ಎಲ್ಲಕ್ಕಿಂತ ಸುಲಭವಾಯಿತು. ಕಪ್ಪಾದರೆ ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಮತ್ತೆ ಹೊಸದರ ಹಾಗೆ. ಮಾವನವರ ಹಳೇ ಸ್ಟೀಲ್ ಪಟ್ಟಿಯಂತೂ ಇನ್ನೂ ಗಟ್ಟಿಯಾಗಿದೆ. ಇದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಕಷ್ಟ ಇರುವುದು ಬಿದಿರಿನ ಬ್ರಷ್ಷಿನಲ್ಲಿ. ಬೇಸಿಗೆಯಲ್ಲಿ ಚೆನ್ನಾಗಿರುತ್ತದೆ. ಆಷಾಢ ಬಂತು ಅಂದರೆ ಬುಡದಲ್ಲಿ ಕಪ್ಪು ಬೂಷ್ಟು. ಲೋಟದಲ್ಲಿ ನಿಲ್ಲಿಸುವುದನ್ನು ಬಿಟ್ಟು ಕಿಟಕಿ ಸರಳಿಗೆ ದಾರ ಕಟ್ಟಿ ತೂಗುಹಾಕಿದ್ದೇವೆ. ಆದರೂ ನಮ್ಮ ಕಡೆಯ ಮಳೆಗೆ ಪೂರ್ತಿ ಒಣಗುವುದಿಲ್ಲ. ಇನ್ನೊಂದು ಸಂಗತಿ: ರಟ್ಟಿನ ಡಬ್ಬಿಯ ಮುಂದೆ ದೊಡ್ಡದಾಗಿ ‘ನೂರಕ್ಕೆ ನೂರು ಮಣ್ಣಲ್ಲಿ ಕರಗುತ್ತದೆ’ ಅಂತ ಬರೆದಿದೆ. ಹಿಂದೆ ಸಣ್ಣಕ್ಷರದಲ್ಲಿ ನೈಲಾನ್ ಎಳೆ ಅಂತಲೂ ಇದೆ. ಎರಡೂ ಒಟ್ಟಿಗೆ ಹೇಗೆ ಸರಿಯಾಗುತ್ತದೆ?

ಬಳಸಿ ನೋಡಿದವರು ದಯವಿಟ್ಟು ಹೇಳಿ. ಪೇಸ್ಟಿನ ಗುಳಿಗೆ, ಹಲ್ಲುಪುಡಿ, ರೇಷ್ಮೆ ಫ್ಲಾಸ್ (ಹಲ್ಲಿನ ಸಂದಿ ಶುಚಿ ಮಾಡುವ ದಾರ), ಬೇವಿನ ಕಡ್ಡಿ, ಯಾವುದಾದರೂ ಸರಿ.

ಬಸವನಗುಡಿ ಕಡಲೆಕಾಯಿ

ಒಳ್ಳೇ ವಿಷಯ ತೆಗೆದಿರಿ ಅಕ್ಕ. ಡಬ್ಬಿಯ ಮಾತು ಸರಿಯಾಗುವುದೇ ಇಲ್ಲ. ಬಿದಿರಿನ ಹಿಡಿಕೆ ಮಣ್ಣಾಗುತ್ತದೆ, ತಲೆಯ ಎಳೆಗಳು ಆಗುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಬಿದಿರಿನ ಬ್ರಷ್‌ಗಳ ಎಳೆ ನೈಲಾನ್. ಕಪ್ಪು ಎಳೆ ಇದ್ದರೆ ಅದು ಇದ್ದಿಲು ಬೆರೆಸಿದ ನೈಲಾನ್, ಅಷ್ಟೇ.

ಈಗ ‘ಸಸ್ಯಮೂಲದ ಎಳೆ’ ಅಂತ ಒಂದು ಬಂದಿದೆ. ಅದು ಹರಳೆಣ್ಣೆಯಿಂದ ತೆಗೆದ ನೈಲಾನ್. ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವುದು ನಮ್ಮ ದೇಶವೇ, ಅದರಲ್ಲೂ ಗುಜರಾತ್. ಪೆಟ್ರೋಲಿಯಂ ಬಳಕೆ ಕಡಿಮೆಯಾಗುತ್ತದೆ, ಅದು ಒಳ್ಳೆಯದೇ. ಆದರೆ ಗಿಡದಿಂದ ಬಂತು ಅಂದ ಮಾತ್ರಕ್ಕೆ ಗೊಬ್ಬರದ ಗುಂಡಿಯಲ್ಲಿ ಕರಗುವುದಿಲ್ಲ. ಈ ಎರಡನ್ನೂ ಬೇಕಂತಲೇ ಕಲಸಿ ಮಾರುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

ಇಂಥ ಜಾಹೀರಾತಿಗೆ ಈಗ ಲಗಾಮು ಇದೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ‘ಪರಿಸರಸ್ನೇಹಿ’, ‘ಹಸಿರು’ ಅಂತ ಬರೆದರೆ ಅದಕ್ಕೆ ಆಧಾರ ತೋರಿಸಬೇಕು. ಎಳೆ ಯಾವುದರದ್ದು ಅಂತ ಕಂಪನಿಗೆ ಬರೆದು ಕೇಳಿ. ನಾನು ಕೇಳುತ್ತಲೇ ಇರುತ್ತೇನೆ. ಕೆಲವರು ನೇರವಾಗಿ ಉತ್ತರ ಕೊಡುತ್ತಾರೆ. ಅಂಥವರಿಂದಲೇ ತೆಗೆದುಕೊಳ್ಳುತ್ತೇನೆ.

ದಾವಣಗೆರೆ ಬೆಣ್ಣೆ

ನಾನು ದಂತವೈದ್ಯೆ. ಪರಿಸರದ ಕಾಳಜಿ ನನಗೂ ಇದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನೈಲಾನ್ ಎಳೆಯ ಬ್ರಷ್ ಮೊದಲು ಮಾರಾಟಕ್ಕೆ ಬಂದದ್ದು 1938ರಲ್ಲಿ, ಅಮೆರಿಕದಲ್ಲಿ. ಅದಕ್ಕೂ ಮೊದಲು ಬ್ರಷ್ ಅಂದರೆ ಹಂದಿಯ ಕೂದಲು. ಈಗಲೂ ಪೂರ್ತಿ ಮಣ್ಣಾಗುವ ಬ್ರಷ್ ಬೇಕು ಅಂದರೆ ಹಂದಿ ಕೂದಲಿನದ್ದೇ ಸಿಗುವುದು. ಅದನ್ನು ನಾನು ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದು ಬಾಯಿಗೆ ಇಡುವ ವಸ್ತುವೇ ಅಲ್ಲ. ಜೊತೆಗೆ ಆ ಕೂದಲು ಬೇಗ ಒಣಗುವುದಿಲ್ಲ, ತುದಿ ಒರಟು. ನೈಲಾನ್ ಎಳೆಯ ತುದಿಯನ್ನು ಉರುಟು ಮಾಡಿರುತ್ತಾರೆ, ಅದಕ್ಕೇ ವಸಡಿಗೆ ಗಾಯವಾಗುವುದಿಲ್ಲ. ಆದ್ದರಿಂದ ಎಳೆಯ ಮಟ್ಟಿಗೆ ನೈಲಾನ್ ಇರಲಿ. ಮೆದು ಅಂದರೆ ‘ಸಾಫ್ಟ್’ ಅಂತ ಬರೆದದ್ದೇ ತೆಗೆದುಕೊಳ್ಳಿ. ಬಿದಿರಿನ ಬ್ರಷ್‌ಗಳಲ್ಲಿ ಕೆಲವು ತುಂಬಾ ಗಡಸು. ಕೊಳ್ಳುವ ಮುಂಚೆ ಅಂಗೈ ಹಿಂಬದಿಗೆ ಉಜ್ಜಿ ನೋಡಿದರೆ ಗೊತ್ತಾಗುತ್ತದೆ.

ನನಗೆ ಹೆಚ್ಚು ಚಿಂತೆ ಪೇಸ್ಟಿನದ್ದು. ಪ್ಲಾಸ್ಟಿಕ್ ಬಿಡುವ ಭರದಲ್ಲಿ ಜನ ಫ್ಲೋರೈಡನ್ನೂ ಬಿಡುತ್ತಿದ್ದಾರೆ. ಗಾಜಿನ ಬಾಟಲಿಯ ಪುಡಿ, ಗುಳಿಗೆಗಳಲ್ಲಿ ಬಹಳಷ್ಟಕ್ಕೆ ಫ್ಲೋರೈಡ್ ಹಾಕಿರುವುದಿಲ್ಲ. ಹುಳುಕು ತಡೆಯುವುದಕ್ಕೆ ಅದರಷ್ಟು ಆಧಾರ ಇರುವ ವಸ್ತು ಇನ್ನೊಂದಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿತು. ನಮ್ಮ ದೇಶದ ನಿಯಮದ ಪ್ರಕಾರ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1000 ಭಾಗ) ದಾಟುವಂತಿಲ್ಲ. ಗುಳಿಗೆ ತೆಗೆದುಕೊಳ್ಳುವಾಗ ಈ ಸಂಖ್ಯೆ ಇದೆಯಾ ನೋಡಿ. ಇದ್ದರೆ ಧೈರ್ಯವಾಗಿ ಬಳಸಿ.

ಇದ್ದಿಲಿನ ಪುಡಿ ಬೇಡ. 2017ರಲ್ಲಿ ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಇದ್ದಿಲು ಸುರಕ್ಷಿತ, ಪರಿಣಾಮಕಾರಿ ಅನ್ನುವುದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ. ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ.

ಕುಷ್ಟಗಿ ಬೇವು

ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ ರೀ. ನಮ್ಮ ಕಡೆ ಇವತ್ತಿಗೂ ಹೊಲಕ್ಕೆ ಹೋಗುವವರು ದಾರಿಯಲ್ಲೇ ಬೇವಿನ ಕಡ್ಡಿ ಮುರಿದುಕೊಳ್ಳುತ್ತಾರೆ. ನಮ್ಮ ತಂದೆಯವರದು ಅದೇ ರೂಢಿ. ಬೇವು ಸಿಗದಿದ್ದರೆ ಹೊಂಗೆ, ಅದೂ ಇಲ್ಲ ಅಂದರೆ ಜಾಲಿ. ಸುಶ್ರುತ ಸಂಹಿತೆಯಲ್ಲಿ ಕಡ್ಡಿ 12 ಅಂಗುಲ ಉದ್ದ, ಕಿರುಬೆರಳಿನ ದಪ್ಪ ಇರಬೇಕು ಅಂತ ಹೇಳಿದೆ. ನಮ್ಮ ತಂದೆಯವರು ಆ ಗ್ರಂಥ ಓದಿದವರಲ್ಲ, ಆದರೆ ಅವರು ಮುರಿಯುವ ಕಡ್ಡಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಅದಕ್ಕೊಂದು ಕ್ರಮ ಇದೆ. ಎಳೆಯದೂ ಆಗಬಾರದು, ಬಲಿತದ್ದೂ ಆಗಬಾರದು. ಎಲೆ ಸವರಿ, ಗಂಟಿಲ್ಲದ ಕಡೆ ಮುರಿದು, ತುದಿಯ ಸಿಪ್ಪೆ ಹಲ್ಲಿನಿಂದ ಸುಲಿದು ಉಗುಳಬೇಕು. ಆಮೇಲೆ ದವಡೆಯಲ್ಲಿಟ್ಟು ಮೆಲ್ಲಗೆ ಅಗಿಯಬೇಕು, ನಾರು ಬಿಡುವ ತನಕ. ಆ ನಾರಿನಿಂದ ಮೇಲಿಂದ ಕೆಳಗೆ ತಿಕ್ಕುವುದು. ಅಡ್ಡ ಎಳೆದರೆ ವಸಡು ಕೀಳುತ್ತದೆ. ಕೊನೆಗೆ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಿಲ್ಲಿನಂತೆ ಬಗ್ಗಿಸಿ, ಅದರಿಂದಲೇ ನಾಲಿಗೆ ಕೆರೆದು ಬಿಸಾಡುತ್ತಾರೆ. ಬ್ರಷ್ಷು, ಪೇಸ್ಟು, ನಾಲಿಗೆ ಪಟ್ಟಿ ಮೂರರ ಕೆಲಸವೂ ಒಂದೇ ಕಡ್ಡಿಯಲ್ಲಿ ಮುಗಿಯಿತು. ಮಣ್ಣಿಗೆ ಬಿದ್ದರೆ ಮಣ್ಣು. ಇದಕ್ಕಿಂತ ಪರಿಸರಸ್ನೇಹಿ ಏನಿದೆ ಹೇಳಿ?

ದಾವಣಗೆರೆ ಬೆಣ್ಣೆ

ಕುಷ್ಟಗಿ ಅಣ್ಣ, ನೀವು ಬರೆದ ಕ್ರಮ ತುಂಬಾ ಸರಿಯಾಗಿದೆ. ಮೇಲಿಂದ ಕೆಳಗೆ ಅಂದಿರಲ್ಲ, ಬ್ರಷ್ ಹಿಡಿದವರೂ ಅದನ್ನು ಕಲಿಯಬೇಕು. ಬೇವಿನ ಜಾತಿಯದಲ್ಲದಿದ್ದರೂ ಮಿಸ್ವಾಕ್ ಕಡ್ಡಿ, ಅಂದರೆ ಗೋಣಿಮರದ ಕಡ್ಡಿಯನ್ನು 1986ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಬಳಸಬಹುದು ಅಂತ ಹೇಳಿದೆ. ಕಡ್ಡಿಯನ್ನು ಹಗುರವಾಗಿ ನೋಡುವವಳು ನಾನಲ್ಲ.

ಆದರೆ ನನ್ನ ಕುರ್ಚಿಯಲ್ಲಿ ಕೂತವರಲ್ಲಿ ಕಾಣುವುದು ಇದು: ಕಡ್ಡಿ ಬಳಸುವವರ ಮುಂದಿನ ಹಲ್ಲು ಥಳಥಳ ಅನ್ನುತ್ತದೆ, ದವಡೆ ಹಲ್ಲಿನ ಒಳಬದಿ ಗಾರೆ ಕಟ್ಟಿರುತ್ತದೆ. ಕಡ್ಡಿ ಅಲ್ಲಿಗೆ ತಿರುಗುವುದಿಲ್ಲ. ಬೆಳಿಗ್ಗೆ ಕಡ್ಡಿ, ರಾತ್ರಿ ಮಲಗುವ ಮುಂಚೆ ಬ್ರಷ್ ಮತ್ತು ಫ್ಲೋರೈಡ್ ಪೇಸ್ಟ್, ಹೀಗೆ ಮಾಡಿಕೊಳ್ಳಲು ತಂದೆಯವರಿಗೆ ಹೇಳಿ.

ಕುಷ್ಟಗಿ ಬೇವು

ಹೇಳ್ತೀನಿ ರೀ. ದವಡೆ ಹಲ್ಲು ಎರಡು ಕೀಳಿಸಿದ್ದಾರೆ ಅವರು. ನೀವು ಹೇಳಿದ ಜಾಗವೇ.

ನಂಜನಗೂಡು ರಸಬಾಳೆ

ಹಲ್ಲುಪುಡಿ ಅಂದರೆ ನಮ್ಮೂರನ್ನು ಬಿಟ್ಟು ಮಾತಾಡುವ ಹಾಗಿಲ್ಲ. ಬಿ.ವಿ. ಪಂಡಿತರು 1913ರಲ್ಲಿ ಇಲ್ಲಿ ಸದ್ವೈದ್ಯಶಾಲೆ ಶುರು ಮಾಡಿದರು. ನಂಜನಗೂಡು ಹಲ್ಲುಪುಡಿ ಮೈಸೂರು ಸೀಮೆಯ ಮನೆಮನೆಗೂ ಹೋಯಿತು. ನಮ್ಮ ಅಜ್ಜಿ ಎಡಗೈಯಲ್ಲಿ ಚಿಟಿಕೆ ಪುಡಿ ಹಾಕಿಕೊಂಡು, ಬಲಗೈ ತೋರುಬೆರಳಲ್ಲಿ ಉಜ್ಜುತ್ತಿದ್ದರು. ವಸಡನ್ನು ಬೆರಳಿಂದ ಒತ್ತಿ ಒತ್ತಿ ತಿಕ್ಕುವುದು, ಅದು ಅವರ ಪದ್ಧತಿ.

ಪುಡಿಯಲ್ಲಿ ನೀರು ಇರುವುದಿಲ್ಲ, ಹಾಗಾಗಿ ಟ್ಯೂಬೇ ಬೇಕಿಲ್ಲ. ಡಬ್ಬಿಯಲ್ಲಿ ಇಟ್ಟರೆ ಆಯಿತು. ಪ್ಲಾಸ್ಟಿಕ್ ಬಿಡಬೇಕು ಅನ್ನುವವರಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಸಂತೆಯಲ್ಲಿ ಸಿಗುವ ಹೆಸರಿಲ್ಲದ ಕೆಂಪು ಪುಡಿ, ಕಪ್ಪು ಪುಡಿ ತರಬೇಡಿ. ಅದರಲ್ಲಿ ಕಾವಿಮಣ್ಣು ಇರಬಹುದು, ಇಟ್ಟಿಗೆ ಪುಡಿ ಇರಬಹುದು. ತಂಬಾಕು ಸಹ ಇರಬಹುದು. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಹಾಕುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. 1997ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಹಾಗಿದ್ದರೂ ತಂಬಾಕು ಸುಟ್ಟು ಮಾಡುವ ಮಿಶ್ರಿಯನ್ನು ಗಡಿ ಭಾಗದಲ್ಲಿ ಹೆಂಗಸರು ಹಲ್ಲಿಗೆ ತಿಕ್ಕುತ್ತಾರೆ. ಅದು ಚಟವಾಗಿ ದಿನಕ್ಕೆ ನಾಲ್ಕೈದು ಸಲ ತಿಕ್ಕುವವರನ್ನು ನೋಡಿದ್ದೇನೆ. ಹಳೇ ಪದ್ಧತಿ ಅಂದ ತಕ್ಷಣ ಎಲ್ಲವೂ ಒಳ್ಳೆಯದಾಗುವುದಿಲ್ಲ.

ಪಾವಗಡ ಬಿಸಿಲು

ಡಾಕ್ಟರ್ ಮೇಡಂ, ಫ್ಲೋರೈಡ್ ಬಗ್ಗೆ ನನ್ನದೊಂದು ಪ್ರಶ್ನೆ. ನಮ್ಮ ತಾಲ್ಲೂಕಿನಲ್ಲಿ ಫ್ಲೋರೈಡ್ ಅಂದರೆ ಜನ ಹೆದರುತ್ತಾರೆ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರಿನಲ್ಲಿ ಅದು ಜಾಸ್ತಿ. ನನ್ನ ಹಲ್ಲೇ ಕಂದು ಪಟ್ಟೆ. ನನ್ನ ಓರಗೆಯವರು ಫೋಟೊಗೆ ಬಾಯಿ ಬಿಟ್ಟು ನಗುವುದಿಲ್ಲ. ದೊಡ್ಡಪ್ಪನವರಿಗೆ ಮೂಳೆಗೂ ಇಳಿದು ಬೆನ್ನು ಬಗ್ಗಿದೆ. ಹೀಗಿರುವಾಗ ಮಕ್ಕಳಿಗೆ ಫ್ಲೋರೈಡ್ ಇಲ್ಲದ ಪುಡಿಯೇ ಸರಿ ಅಂತ ನಾನು ಅಂದುಕೊಂಡಿದ್ದೆ. ಪ್ಲಾಸ್ಟಿಕ್ ಕೂಡ ತಪ್ಪುತ್ತದೆ. ಮಗಳಿಗೆ ಈಗ ನಾಲ್ಕು ವರ್ಷ.

ದಾವಣಗೆರೆ ಬೆಣ್ಣೆ

ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಪಾವಗಡ, ಬಾಗೇಪಲ್ಲಿ, ಕೋಲಾರ, ಮುಂಡರಗಿ ಕಡೆಯವರೆಲ್ಲ ಓದಲಿ.

ಹಲ್ಲಿನ ಕಂದು ಪಟ್ಟೆ ಬರುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗ. ಸುಮಾರು ಎಂಟು ವರ್ಷದೊಳಗೆ ಹೊಟ್ಟೆಗೆ ಹೋದ ಫ್ಲೋರೈಡ್ ಅದಕ್ಕೆ ಕಾರಣ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಇದೆ, 1ರ ಒಳಗಿದ್ದರೆ ಒಳ್ಳೆಯದು. ನಿಮ್ಮ ಮಗಳ ವಿಷಯದಲ್ಲಿ ಮೊದಲು ನೋಡಬೇಕಾದ್ದು ನೀರು. ಊರಿನ ಶುದ್ಧ ನೀರಿನ ಘಟಕದಲ್ಲಿ ಆರ್.ಒ. ಇದ್ದರೆ ಅದು ಫ್ಲೋರೈಡ್ ತೆಗೆಯುತ್ತದೆ. ಅಡುಗೆಗೂ ಆ ನೀರೇ ಹಾಕಿ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ.

ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲ್ಮೈಗೆ ತಗುಲಿ ಕೆಲಸ ಮಾಡುತ್ತದೆ. ನುಂಗಬಾರದು, ಅಷ್ಟೇ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ನೀವು ಪಕ್ಕದಲ್ಲಿ ನಿಂತು ಉಗುಳಿಸಿ. ಆದರೆ ನಿಮ್ಮ ನೀರಿನಲ್ಲಿ ಮಿತಿಗಿಂತ ಜಾಸ್ತಿ ಇದ್ದು, ಅದನ್ನೇ ಕುಡಿಯುತ್ತಿದ್ದರೆ ಮಗಳಿಗೆ ಯಾವ ಪೇಸ್ಟ್ ಅನ್ನುವುದನ್ನು ನೀರಿನ ಪರೀಕ್ಷೆಯ ಚೀಟಿ ಹಿಡಿದು ಹತ್ತಿರದ ದಂತವೈದ್ಯರ ಜೊತೆ ಕೂತು ತೀರ್ಮಾನಿಸಿ. ಇಲ್ಲಿಂದ ನಾನು ಹೇಳುವುದು ಸರಿಯಲ್ಲ.

ನಿಮ್ಮ ಹಲ್ಲಿನ ಬಗ್ಗೆ: ಪಟ್ಟೆ ಇರುವ ಹಲ್ಲಿಗೂ ಹುಳುಕು ಹಿಡಿಯುತ್ತದೆ. ಬಣ್ಣ ತೆಗೆಯಲು ಇಟ್ಟಿಗೆ ಪುಡಿ, ಇದ್ದಿಲು, ನಿಂಬೆ ಅಂತ ಹಚ್ಚಬೇಡಿ. ದಯವಿಟ್ಟು.

ಪಾವಗಡ ಬಿಸಿಲು

ನೀರು ಪರೀಕ್ಷೆಗೆ ಕೊಡುತ್ತೇನೆ ಮೇಡಂ. ಕುಡಿಯುವುದಕ್ಕೆ ಘಟಕದ ಕ್ಯಾನ್ ತರುತ್ತೇವೆ, ಅನ್ನ ಸಾರಿಗೆ ಮಾತ್ರ ಬೋರಿನ ನೀರೇ ಹಾಕುತ್ತಿದ್ದೆವು. ಇವತ್ತೇ ಮನೆಯಲ್ಲಿ ಹೇಳಿದೆ.

ಹ್ಯಾಂಬರ್ಗ್ ಹಸೆ

ಗುಳಿಗೆ ಬಗ್ಗೆ ನಾನು ಹೇಳುತ್ತೇನೆ. ಜರ್ಮನಿಯಲ್ಲಿ ಪೊಟ್ಟಣವಿಲ್ಲದೆ ಮಾರುವ ಅಂಗಡಿಗಳಿವೆ. ನಮ್ಮದೇ ಬಾಟಲಿ ಒಯ್ದು ತುಂಬಿಸಿಕೊಳ್ಳಬಹುದು. ಬರ್ಲಿನ್ನಿನ ಡೆಂಟ್ಯಾಬ್ಸ್ ಅನ್ನುವ ಕಂಪನಿಯ ಗುಳಿಗೆ ಇಲ್ಲಿ ಪ್ರಸಿದ್ಧ. ಫ್ಲೋರೈಡ್ ಇರುವುದು, ಇಲ್ಲದಿರುವುದು ಎರಡೂ ಸಿಗುತ್ತದೆ. ನಾನು ಇರುವುದನ್ನೇ ತರುತ್ತೇನೆ.

ಬಾಯಿಗೆ ಹಾಕಿದಾಗ ಮೊದಲು ಹಿಟ್ಟು ಹಿಟ್ಟು ಅನ್ನಿಸುತ್ತದೆ. ಮುಂದಿನ ಹಲ್ಲಿನಲ್ಲಿ ಅಗಿದು, ಎಂಜಲಲ್ಲಿ ಕಲಸಿಕೊಂಡ ಮೇಲೆ ಒದ್ದೆ ಬ್ರಷ್ ಇಟ್ಟರೆ ಸರಿಹೋಗುತ್ತದೆ. ನೊರೆ ಕಡಿಮೆ. ನೊರೆ ಇಲ್ಲದಿದ್ದರೂ ಹಲ್ಲು ನುಣುಪಾಗುತ್ತದೆ. ಒಂದೇ ಕಷ್ಟ ಅಂದರೆ ತೇವ. ಒದ್ದೆ ಕೈ ಹಾಕಿದರೆ ಬಾಟಲಿಯೊಳಗೆ ಎಲ್ಲ ಅಂಟಿಕೊಳ್ಳುತ್ತವೆ. ಶಿರಸಿ ಮಳೆಗೆ ಗಟ್ಟಿ ಮುಚ್ಚಳದ ಗಾಜಿನ ಬಾಟಲಿ ಬೇಕೇ ಬೇಕು, ಮತ್ತೆ ಬಚ್ಚಲಲ್ಲಿ ಇಡಬೇಡಿ.

ರೇಷ್ಮೆ ಫ್ಲಾಸ್ ಬಳಸಿದ್ದೇನೆ. ಜೇನುಮೇಣ ಸವರಿದ ದಾರ. ನೈಲಾನಿಗಿಂತ ಬೇಗ ಹರಿಯುತ್ತದೆ, ಹಲ್ಲು ಒತ್ತೊತ್ತಾಗಿ ಇರುವವರಿಗೆ ಕಷ್ಟ. ಜೋಳದಿಂದ ಮಾಡಿದ್ದು ಅಂತ ಇನ್ನೊಂದು ಫ್ಲಾಸ್ ಬರುತ್ತದೆ. ಅದು ಪಿ.ಎಲ್.ಎ. ಅನ್ನುವ ಪ್ಲಾಸ್ಟಿಕ್. ಸುಮಾರು 58 ಡಿಗ್ರಿ ಬಿಸಿ ಇರುವ ದೊಡ್ಡ ಗೊಬ್ಬರ ಘಟಕದಲ್ಲಿ ಕರಗಬಹುದು. ಮನೆಯ ಗುಂಡಿಯಲ್ಲಿ ಹಾಗೇ ಉಳಿಯುತ್ತದೆ.

ಒಣಕಸ

ನಾನು ಬೆಂಗಳೂರಿನ ಒಂದು ಒಣಕಸ ಸಂಗ್ರಹ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಮೇಜಿನ ಮೇಲೆ ಬರುವ ಕಸವನ್ನು ಕೈಯಲ್ಲಿ ಬೇರ್ಪಡಿಸುವುದು ನಮ್ಮ ಕೆಲಸ. ಹಾಲಿನ ಕವರು, ಶಾಂಪೂ ಬಾಟಲಿ, ರಟ್ಟು, ಎಲ್ಲಕ್ಕೂ ಕೊಳ್ಳುವವರಿದ್ದಾರೆ. ಹಲ್ಲುಜ್ಜುವ ಬ್ರಷ್‌ಗೆ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಹಿಡಿಕೆ ಒಂದು ಜಾತಿಯ ಪ್ಲಾಸ್ಟಿಕ್, ಹಿಡಿಯುವ ಜಾಗದಲ್ಲಿ ರಬ್ಬರ್ ಥರದ್ದು ಇನ್ನೊಂದು, ಎಳೆ ನೈಲಾನ್. ಎಳೆಯ ಗುಚ್ಛವನ್ನು ತೂತಿನಲ್ಲಿ ಕಚ್ಚಿಸಲು ಚಿಕ್ಕ ಲೋಹದ ಚೂರು. ಇಷ್ಟನ್ನು ಬಿಡಿಸಲು ಕೂತರೆ ಕೂಲಿ ಗಿಟ್ಟುವುದಿಲ್ಲ. ಪೇಸ್ಟಿನ ಟ್ಯೂಬೂ ಅಷ್ಟೇ. ಒಳಗೆ ಅಲ್ಯೂಮಿನಿಯಂ ಹಾಳೆ, ಎರಡೂ ಕಡೆ ಪ್ಲಾಸ್ಟಿಕ್. ಕತ್ತರಿಸಿ ನೋಡಿ, ಒಳಗೆ ಬೆಳ್ಳಿ ಬಣ್ಣ ಕಾಣುತ್ತದೆ. ಇವೆಲ್ಲ ಕೊನೆಗೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತವೆ. ಈಗ ಕೆಲವು ಟ್ಯೂಬ್ ಒಂದೇ ಜಾತಿಯ ಪ್ಲಾಸ್ಟಿಕ್‌ನಲ್ಲಿ ಬರುತ್ತಿವೆ, ಮರುಬಳಕೆ ಗುರುತು ಇರುತ್ತದೆ. ಕೊಳ್ಳುವಾಗ ಅದನ್ನು ನೋಡಿ.

ಬಿದಿರಿನ ಬ್ರಷ್ ಹಾಗೇ ಒಣಕಸಕ್ಕೆ ಹಾಕಬೇಡಿ. ಹಸಿಕಸಕ್ಕೂ ಹಾಕಬೇಡಿ, ನೈಲಾನ್ ಎಳೆ ಗೊಬ್ಬರಕ್ಕೆ ಸೇರುತ್ತದೆ. ಇಕ್ಕಳ ತೆಗೆದುಕೊಂಡು ಒಂದೊಂದು ಗುಚ್ಛ ಹಿಡಿದು ಎಳೆಯಿರಿ. ನೀರಲ್ಲಿ ನೆನೆಸಿಟ್ಟರೆ ಇನ್ನೂ ಸುಲಭ. ಎಳೆ ಬಂದರೂ ಲೋಹದ ಚೂರು ತೂತಲ್ಲೇ ಉಳಿಯುವುದುಂಟು. ಬೇಡವೆಂದರೆ ತಲೆಯನ್ನೇ ಗರಗಸದಲ್ಲಿ ಕತ್ತರಿಸಿ, ತಲೆ ಒಣಕಸಕ್ಕೆ, ಹಿಡಿಕೆ ಗಿಡದ ಬುಡಕ್ಕೆ. ಬರಿಗೈಯಲ್ಲಿ ಕಸ ಬೇರ್ಪಡಿಸುವ ನಮ್ಮ ಹೆಣ್ಣುಮಕ್ಕಳ ಮೇಲೆ ಒಂದು ಉಪಕಾರ ಮಾಡಿ: ಬ್ರಷ್ ಯಾವುದೇ ಇರಲಿ, ತೊಳೆದು ಕೊಡಿ.

ಬಸವನಗುಡಿ ಕಡಲೆಕಾಯಿ

ಒಣಕಸದ ಅಣ್ಣ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ತಲೆ ಮಾತ್ರ ಬದಲಿಸುವ ಬ್ರಷ್ ಬರುತ್ತದಲ್ಲ, ಅಲ್ಯೂಮಿನಿಯಂ ಹಿಡಿಕೆಯದ್ದು, ಅದು ಪರವಾಗಿಲ್ವಾ?

ಒಣಕಸ

ನನ್ನ ಮಟ್ಟಿಗೆ ಬಿದಿರಿಗಿಂತ ಅದೇ ವಾಸಿ. ಕಸ ಅಂತ ನಮ್ಮ ಮೇಜಿಗೆ ಬರುವುದು ಬೆರಳ ತುದಿಯಷ್ಟು ತಲೆ ಮಾತ್ರ. ಹಿಡಿಕೆ ವರ್ಷಗಟ್ಟಲೆ ಇರುತ್ತದೆ, ಹಾಳಾದರೂ ಗುಜರಿಗೆ ಬೆಲೆ ಇದೆ. ಆದರೆ ಅದೇ ಕಂಪನಿಯ ತಲೆ ಮುಂದೆಯೂ ಸಿಗುತ್ತಾ ಅಂತ ವಿಚಾರಿಸಿಕೊಂಡು ತೆಗೆದುಕೊಳ್ಳಿ.

ಮೇದಾರ ಕೇರಿ

ಬಿದಿರಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮದು ತಲೆತಲಾಂತರದಿಂದ ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮನೆತನ.

ಶಿರಸಿ ಅಕ್ಕಾ, ನಿಮ್ಮ ಬ್ರಷ್ ಬುಡದಲ್ಲೇ ಬೂಷ್ಟು ಹಿಡಿಯಲು ಕಾರಣ ಇದೆ. ಬಿದಿರಿನ ಹೊರಸಿಪ್ಪೆ ಗಟ್ಟಿ, ನೀರು ಇಳಿಯುವುದಿಲ್ಲ. ಒಳಭಾಗ ಮೆದು, ಅದರಲ್ಲಿ ಹಿಟ್ಟಿನಂಶ ಇರುತ್ತದೆ. ಬೂಷ್ಟಿಗೂ ಕುಟ್ಟೆ ಹುಳಕ್ಕೂ ಅದೇ ಆಹಾರ. ಬ್ರಷ್ ಮಾಡುವಾಗ ಹೊರಸಿಪ್ಪೆ ಹೆರೆದು ತೆಗೆಯುತ್ತಾರೆ, ಉಳಿಯುವುದು ಒಳಭಾಗ. ಕತ್ತರಿಸಿದ ತುದಿಯಲ್ಲಿ ನಾರಿನ ಸಂದುಗಳು ಬಾಯಿ ತೆರೆದಿರುತ್ತವೆ, ನೀರು ಅಲ್ಲಿಂದಲೇ ಏರುತ್ತದೆ. ಹೊಸ ಬ್ರಷ್ ತಂದ ದಿನ ಬುಡವನ್ನು ಬಿಸಿ ಮಾಡಿದ ಜೇನುಮೇಣದಲ್ಲಿ ಅದ್ದಿ ತೆಗೆಯಿರಿ. ಬಾಯಿಗೆ ಹೋಗುವ ಕಡೆ ಬೇಡ, ಬುಡದಿಂದ ಎರಡು ಬೆರಳಷ್ಟು ಸಾಕು. ನಿಮ್ಮ ಕಡೆ ಜೇನುಮೇಣಕ್ಕೇನು ಕೊರತೆ?

ಇನ್ನೊಂದು. ಅಂಗಡಿಯ ಬ್ರಷ್‌ಗಳ ಬಿದಿರು ಹೆಚ್ಚಾಗಿ ಚೀನಾದ ಮೋಸೊ ಜಾತಿಯದು. ಗೋಡೆ ದಪ್ಪ, ಗಂಟಿನಿಂದ ಗಂಟಿಗೆ ದೂರ, ಯಂತ್ರಕ್ಕೆ ಅನುಕೂಲ. ನಮ್ಮ ಕಾಡಿನ ಹೆಬ್ಬಿದಿರಿನ ಬುಡದ ಗೋಡೆಯೂ ದಪ್ಪ ಇದೆ. ಕಿರುಬಿದಿರಂತೂ ಒಳಗೆ ಬಹುಪಾಲು ಗಟ್ಟಿ. 2017ರಲ್ಲಿ ಅರಣ್ಯ ಕಾಯ್ದೆ ತಿದ್ದುಪಡಿಯಾದ ಮೇಲೆ ಕಾಡಿನ ಹೊರಗೆ ಬೆಳೆದ ಬಿದಿರು ‘ಮರ’ದ ಲೆಕ್ಕಕ್ಕೆ ಬರುವುದಿಲ್ಲ. ರೈತರು ಬೆಳೆಸಿ ಕಡಿಯಬಹುದು. ಪ್ಲಾಸ್ಟಿಕ್ ಬುಟ್ಟಿ, ಪ್ಲಾಸ್ಟಿಕ್ ಮೊರ ಬಂದು ನಮ್ಮ ಕೇರಿಯ ಕೆಲಸ ಹೋಯಿತು. ಈಗ ಜನ ಬಿದಿರಿನ ಬ್ರಷ್ ಹುಡುಕುತ್ತಿದ್ದಾರೆ ಅಂದರೆ ಅದು ಹಡಗಿನಲ್ಲಿ ಬರುವುದು ಯಾಕೆ ಅಂತ ನನ್ನ ಪ್ರಶ್ನೆ.

ಹಿತ್ತಲ ದಾಸವಾಳ (ಶಿರಸಿ)

ಮೇದಾರ ಕೇರಿ ಅಣ್ಣ, ಬುಡಕ್ಕೆ ಮೇಣ ಹಚ್ಚುವುದು ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಪಕ್ಕದ ಮನೆಯವರು ಜೇನು ಸಾಕಿದ್ದಾರೆ, ಮೇಣ ತರುತ್ತೇನೆ.

ಎಲ್ಲರ ಮಾತು ಓದಿ ನಮ್ಮನೆಯಲ್ಲಿ ಹೀಗೆ ಅಂದುಕೊಂಡಿದ್ದೇವೆ. ದೊಡ್ಡವರಿಗೆ ತಲೆ ಬದಲಿಸುವ ಬ್ರಷ್. ಮಕ್ಕಳಿಗೆ ಮೆದು ಎಳೆಯ ಬಿದಿರಿನ ಬ್ರಷ್, ಯಾಕೆಂದರೆ ಅವರು ಕಚ್ಚಿ ಕಚ್ಚಿ ಬೇಗ ಹಾಳು ಮಾಡುತ್ತಾರೆ. ಪೇಸ್ಟ್ ಮಾತ್ರ ಫ್ಲೋರೈಡ್ ಇರುವುದೇ, ಒಂದೇ ಜಾತಿ ಪ್ಲಾಸ್ಟಿಕ್‌ನ ದೊಡ್ಡ ಟ್ಯೂಬು. ಗುಳಿಗೆ ಬೆಲೆ ಆರು ಜನಕ್ಕೆ ಸದ್ಯಕ್ಕೆ ಎಟುಕುವುದಿಲ್ಲ. ಮಾವನವರು ಬೆಳಿಗ್ಗೆ ಮಾವಿನೆಲೆ ಮಡಿಸಿ ಉಜ್ಜುತ್ತಾರೆ, ಅದು ಹಾಗೇ ನಡೆಯಲಿ, ರಾತ್ರಿ ಬ್ರಷ್ ಹಿಡಿಯಲು ಒಪ್ಪಿದ್ದಾರೆ. ಕತ್ತರಿಸಿದ ತಲೆ, ಖಾಲಿ ಟ್ಯೂಬು ಒಂದು ಡಬ್ಬಿಯಲ್ಲಿ ಕೂಡಿಟ್ಟು ಪೇಟೆಗೆ ಹೋದಾಗ ಒಣಕಸಕ್ಕೆ ಕೊಡುತ್ತೇವೆ. ಒಲೆಗೆ ಹಾಕುವುದು ನಿಂತಿತು.

ಅಣ್ಣ, ನಮ್ಮ ಬ್ಯಾಣದಲ್ಲಿ ಎರಡು ಮೆಳೆ ಹೆಬ್ಬಿದಿರು ಇದೆ. ನೀವು ಬ್ರಷ್ಷಿನ ಹಿಡಿಕೆ ಮಾಡಿಕೊಡಬಲ್ಲಿರಾ?

ಮೇದಾರ ಕೇರಿ

ಹಿಡಿಕೆ ಮಾಡುವುದು ಕಷ್ಟವಲ್ಲ ಅಕ್ಕಾ. ಮಳೆಗಾಲದಲ್ಲಿ ಕಡಿಯಬೇಡಿ, ಆಗ ಹಿಟ್ಟಿನಂಶ, ನೀರು ಎರಡೂ ಜಾಸ್ತಿ. ದೀಪಾವಳಿ ಕಳೆದ ಮೇಲೆ, ಮೂರು ವರ್ಷ ದಾಟಿದ ಗಳ ನೋಡಿ ಕಡಿಸಿ. ನಾವು ಅಮಾವಾಸ್ಯೆ ಹತ್ತಿರ ಕಡಿಯುತ್ತೇವೆ, ಹುಳ ಕಡಿಮೆ ಅನ್ನುವುದು ನಮ್ಮ ಹಿರಿಯರ ಮಾತು. ಬುಡದ ಕಡೆಯ ನಾಲ್ಕೈದು ಗೆಣ್ಣು ಸಾಕು. ನೆರಳಲ್ಲಿ ಒಣಗಿಸಿ ಇಟ್ಟರೆ ನಾನು ಸೀಳಿ, ಹೆರೆದು, ಉಪ್ಪುಕಾಗದ ಹಿಡಿದು ಕೊಡುತ್ತೇನೆ.

ಕಷ್ಟ ಇರುವುದು ಎಳೆ ಕೂರಿಸುವುದರಲ್ಲಿ. ಸಣ್ಣ ಸಣ್ಣ ತೂತು ಕೊರೆದು ಗುಚ್ಛ ಹೊಡೆಯಲು ಯಂತ್ರ ಬೇಕು, ಕೈಯಲ್ಲಿ ಆಗುವ ಕೆಲಸವಲ್ಲ. ರಾಜ್ಯದಲ್ಲಿ ಬ್ರಷ್ ತಯಾರಿಸುವ ಸಣ್ಣ ಘಟಕದವರು ಯಾರಾದರೂ ಇದನ್ನು ಓದುತ್ತಿದ್ದರೆ, ಬೇರೆಯವರು ಕೊಟ್ಟ ಹಿಡಿಕೆಗೆ ಎಳೆ ಕೂರಿಸಿಕೊಡುತ್ತೀರಾ, ಕನಿಷ್ಠ ಎಷ್ಟು ಹಿಡಿಕೆ ಬೇಕು, ಅಳತೆ ಏನಿರಬೇಕು ಅಂತ ಇಲ್ಲೇ ಬರೆಯಿರಿ. ನಮ್ಮ ಕೇರಿಯಲ್ಲಿ ಕೆಲಸ ಬಲ್ಲವರು ಇನ್ನೂ ಹತ್ತಾರು ಜನ ಇದ್ದೇವೆ.